ಹತ್ತಿ ಬೆಳೆದವನು ಕೂರುವ ಸೋಫಾ

ಸೀರೆ ಅಂಗಡಿಗೆ ಹೋದರೆ ನಾವು ಸೆರಗು ತಿರುಗಿಸಿ ನೋಡುತ್ತೇವೆ, ಅಂಚು ಹಿಡಿದು ಎಳೆಯುತ್ತೇವೆ, ಬಣ್ಣ ಬಿಡುತ್ತಾ ಅಂತ ಮೂರು ಸಲ ಕೇಳುತ್ತೇವೆ. ವರ್ಷಕ್ಕೆ ನಾಲ್ಕು ಸಲ ಉಡುವ ಸೀರೆಗೆ ಇಷ್ಟೆಲ್ಲ ಉಪಚಾರ. ಅದೇ, ದಿನಕ್ಕೆ ಐದಾರು ಗಂಟೆ ಮೈಗೆ ತಾಗಿಕೊಂಡೇ ಇರುವ ಸೋಫಾದ ಬಟ್ಟೆ ಯಾವುದು ಅಂತ ಯಾರನ್ನಾದರೂ ಕೇಳಿ ನೋಡಿ. "ಅದಾ... ಬ್ರೌನ್ ಕಲರ್ದು" ಅನ್ನುವುದು ಬಿಟ್ಟರೆ ಬೇರೆ ಉತ್ತರ ನನಗಂತೂ ಯಾವ ಮನೆಯಲ್ಲೂ ಸಿಕ್ಕಿಲ್ಲ :-)

ನಾನು ಈ ಪ್ರಶ್ನೆಯ ಹಿಂದೆ ಬಿದ್ದದ್ದು ಅಪ್ಪನಿಂದಾಗಿ. ಅಪ್ಪ ಕುಂದಗೋಳ ಕಡೆಯ ರೈತ. ಅವ್ವ ಹೋದ ಮೇಲೆ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಹೊಲ ಲಾವಣಿಗೆ ಹಾಕಿ ಬೆಂಗಳೂರಿಗೆ ನಮ್ಮ ಮನೆಗೆ ಬಂದರು. ಮಂಡಿನೋವು ಇರುವುದರಿಂದ ನೆಲದ ಮೇಲೆ ಕೂರಕೂಡದು ಅಂತ ಡಾಕ್ಟರು ಹೇಳಿದ್ದರು. ನಮ್ಮ ಮನೆಯಲ್ಲಿದ್ದದ್ದು ರೆಕ್ಸಿನ್ ಸೋಫಾ. ಅಂಗಡಿಯವರು ಅದಕ್ಕೆ ಲೆದರೆಟ್ ಅಂತ ಚಂದದ ಹೆಸರು ಇಡುತ್ತಾರೆ. ಬಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ಒಂದು ಪದರ, ಅಷ್ಟೇ. ಬೆವರು, ಎಣ್ಣೆ, ಸೆಖೆ ತಾಗಿ ನಾಲ್ಕೈದು ವರ್ಷಕ್ಕೆ ಆ ಪದರ ಹಪ್ಪಳದ ಹಾಗೆ ಏಳಲು ಶುರು. ನಮ್ಮದು ಆಗಲೇ ಎದ್ದಿತ್ತು.

ಅಪ್ಪನಿಗೆ ಮೊಣಕೈಯಿಂದ ಕೆಳಗೆ ಚರ್ಮದ ತೊಂದರೆ ಇದೆ. ಬೆವರಿದರೆ ಕೆಂಪಗೆ ದದ್ದು ಏಳುತ್ತದೆ, ರಾತ್ರಿಯೆಲ್ಲ ಕೆರೆತ. ಹತ್ತಿಗೆ ಎಣ್ಣೆ ಹೊಡೆಯುತ್ತಿದ್ದ ಕಾಲದಿಂದ ಬಂದದ್ದು ಅಂತ ಅವರೇ ಹೇಳುವುದು. (ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಅನ್ನುತ್ತೇವೆ.) ಏಪ್ರಿಲ್ ಸೆಖೆಯಲ್ಲಿ ಆ ಸೋಫಾದ ಕೈ ಮೇಲೆ ಕೈ ಇಟ್ಟರೆ ಅಂಟಿಕೊಳ್ಳುತ್ತಿತ್ತು. ಎರಡು ದಿನ ಕೂತರು. ಮೂರನೇ ದಿನ ನೆಲಕ್ಕೆ ಇಳಿದು ಗೋಡೆಗೆ ಒರಗಿದರು. ಎದ್ದೇಳಿ ಅಂದರೆ,

"ಅರವತ್ತ ವರ್ಷ ಹತ್ತಿ ಬೆಳದೇನಿ ಯವ್ವಾ. ಈಗ ಪ್ಲಾಸ್ಟಿಕ್ ಮ್ಯಾಲ ಕುಂದ್ರು ಅಂತೀಯಲ್ಲ..."

ಇದಕ್ಕೆ ಏನು ಹೇಳುತ್ತೀರಿ? ನಮ್ಮನೆಯವರು ಪೇಪರಿನಿಂದ ತಲೆ ಎತ್ತಿ ನನ್ನ ಮುಖ ನೋಡಿದರು, ನಾನು ಸೋಫಾದ ಮುಖ ನೋಡಿದೆ. ಬಟ್ಟೆ ಬದಲಾಯಿಸುವುದು ಅಂತ ಆವತ್ತೇ ತೀರ್ಮಾನ ಆಯಿತು. ಹತ್ತಿ ಬಟ್ಟೆಯೇ ಆಗಬೇಕು, ಎಣ್ಣೆ ಹೊಡೆಯದೆ ಬೆಳೆದದ್ದಾಗಬೇಕು, ಮತ್ತೆ ಮತ್ತೆ ಖರ್ಚು ಮಾಡುವ ಶಕ್ತಿ ಇಲ್ಲದ್ದರಿಂದ ಹತ್ತು ವರ್ಷವಾದರೂ ಬಾಳಬೇಕು. ಮೂರೇ ಷರತ್ತು. ಮೂರೂ ಒಟ್ಟಿಗೆ ಸಿಗುವುದು ಎಷ್ಟು ಕಷ್ಟ ಅಂತ ತಿಳಿಯಲು ಮೂರು ತಿಂಗಳು ಹಿಡಿಯಿತು.

ಮೊದಲು ಅಪ್ಪನ ಹತ್ತಿಯ ಕಥೆ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ಅದಿಲ್ಲದೆ ಸಾವಯವ ಅನ್ನುವ ಚೀಟಿಗೆ ಅರ್ಥವೇ ಇಲ್ಲ.

ಅಪ್ಪ ಹುಡುಗನಾಗಿದ್ದಾಗ ನಮ್ಮ ಎರಿ ಹೊಲದಲ್ಲಿ ಬೆಳೆಯುತ್ತಿದ್ದದ್ದು ಜಯಧರ. ಅದು ದೇಸಿ ಹತ್ತಿ. ಮಳೆಗಾಲದ ಕೊನೆಗೆ ಬಿತ್ತಿದರೆ ನೆಲದ ತೇವದಲ್ಲೇ ಬೆಳೆದು ಬೇಸಿಗೆ ಹೊತ್ತಿಗೆ ಬಿಡಿಸಲು ಬರುತ್ತಿತ್ತು. ಬೀಜ ಮನೆಯದ್ದೇ. ಎಳೆ ಮಾತ್ರ ಗಿಡ್ಡ, ಸ್ವಲ್ಪ ಒರಟು, ಹಾಗಾಗಿ ನಯವಾದ ಸೀರೆ, ಅಂಗಿಗೆ ಮಿಲ್ಲಿನವರಿಗೆ ಅದು ಬೇಡ. ಆಮೇಲೆ ಧಾರವಾಡದಲ್ಲಿ ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಅನ್ನುವ ಹೈಬ್ರಿಡ್ ಹತ್ತಿ ಕೊಟ್ಟರು. ಅದರ ಹಿಂದೆ ಜಯಲಕ್ಷ್ಮಿ ಅಂತ ಕರೆಯುವ ಡಿ.ಸಿ.ಎಚ್. 32 ಬಂತು. ಉದ್ದ ಎಳೆ, ಒಳ್ಳೆಯ ರೇಟು. ನಮ್ಮ ಮನೆಗೆ ಹಂಚು ಬಂದದ್ದೂ, ನಾನು ಹುಬ್ಬಳ್ಳಿಗೆ ಕಾಲೇಜಿಗೆ ಹೋದದ್ದೂ ಈ ಲಕ್ಷ್ಮಿಯರ ದಯೆಯಿಂದಲೇ. ಅದನ್ನು ಮರೆತು ಮಾತಾಡಿದರೆ ತಪ್ಪಾಗುತ್ತದೆ.

ಆದರೆ ಬೀಜ ವರ್ಷಾ ವರ್ಷಾ ಕೊಳ್ಳಬೇಕಾಯಿತು. ಹುಳ ಜಾಸ್ತಿಯಾಯಿತು, ಎಣ್ಣೆ ಜಾಸ್ತಿಯಾಯಿತು. ಎಣ್ಣೆ ಹೊಡೆದು ಬಂದ ದಿನ ಅವ್ವ ಅಪ್ಪನನ್ನು ಹಿತ್ತಲಲ್ಲೇ ನಿಲ್ಲಿಸಿ ಎರಡು ಕೊಡ ನೀರು ಸುರಿದ ಮೇಲೆಯೇ ಒಳಗೆ ಬಿಡುತ್ತಿದ್ದಳು. ನಮ್ಮನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಆ ವಾಸನೆ ನನಗೆ ಈಗಲೂ ನೆನಪಿದೆ. 2002ರಲ್ಲಿ ಬಿ.ಟಿ. ಹತ್ತಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ಕೆಲವು ವರ್ಷ ಕಾಯಿಕೊರಕದ ಕಾಟ ಕಡಿಮೆಯಾಯಿತು, ಅಪ್ಪ ನೆಮ್ಮದಿಯಾಗಿದ್ದರು. ಮುಂದೆ ಗುಲಾಬಿ ಹುಳ ಅದಕ್ಕೂ ಒಗ್ಗಿಕೊಂಡಿತು, ಮತ್ತೆ ಪಂಪು ಬೆನ್ನಿಗೇರಿತು. ಇವತ್ತು ದೇಶದ ಹತ್ತಿ ಹೊಲಗಳಲ್ಲಿ ನೂರಕ್ಕೆ ತೊಂಬತ್ತು ಪಾಲು ಬಿ.ಟಿ.ಯೇ. ಸಾವಯವ ಅನ್ನಿಸಿಕೊಳ್ಳಬೇಕಾದರೆ ರಾಸಾಯನಿಕ ಗೊಬ್ಬರ, ಎಣ್ಣೆ ಇರಬಾರದು ಅನ್ನುವುದಷ್ಟೇ ಅಲ್ಲ, ಇಂಥ ಕುಲಾಂತರಿ ಬೀಜವೂ ಇರಬಾರದು. ಹೊಲವನ್ನು ಹಾಗೆ ಎರಡು ಮೂರು ವರ್ಷ ನಡೆಸಿದ ಮೇಲೆಯೇ ಸರ್ಟಿಫಿಕೇಟು. ಆ ಎರಡು ಮೂರು ವರ್ಷ ಇಳುವರಿ ಕಡಿಮೆಯಾದರೂ ಸಾವಯವದ ರೇಟು ಸಿಗುವುದಿಲ್ಲ. ಬಟ್ಟೆಯ ಬೆಲೆ ಮೇಲೇರಲು ಇದೂ ಒಂದು ಕಾರಣ.

ಸರಿ, ಅಂಗಡಿಗೆ ಬರೋಣ.

ಮೊದಲ ಅಂಗಡಿಯಲ್ಲಿ "ಕಾಟನ್ ಸೋಫಾ ಬಟ್ಟೆ ತೋರಿಸಿ" ಅಂದೆ. ಹುಡುಗ ಹತ್ತು ರೋಲು ಬಿಚ್ಚಿದ. "ಕಾಟನ್ ಫೀಲ್ ಮೇಡಂ" ಅಂದ. ಕಾಟನ್ ಫೀಲ್! ಅಂದರೆ ಕಾಟನ್ ಅಲ್ಲ ಅಂತ ಅರ್ಥ. ಅಂಚಿನ ನಾಲ್ಕು ಎಳೆ ಕೇಳಿ ತಂದು ಮನೆಯಲ್ಲಿ ದೀಪಕ್ಕೆ ಹಿಡಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಮುದುಡಿ ಗಟ್ಟಿ ಮಣಿಯಾಗುತ್ತದೆ. ಎರಡೂ ಬೆರೆತಿದ್ದರೆ ಬೂದಿಯ ನಡುವೆ ಮಣಿ ಕೈಗೆ ಸಿಗುತ್ತದೆ. ಹತ್ತರಲ್ಲಿ ಎಂಟು ಪೂರ್ತಿ ಮಣಿ, ಎರಡು ಬೆರಕೆ. (ಈ ಪರೀಕ್ಷೆ ಮಾಡುವವರು ಸ್ಟೀಲ್ ತಟ್ಟೆ, ಪಕ್ಕದಲ್ಲಿ ನೀರು ಇಟ್ಟುಕೊಳ್ಳಿ. ಮಕ್ಕಳ ಕೈಗೆ ಕೊಡಬೇಡಿ.)

ಎರಡನೇ ಅಂಗಡಿಯಲ್ಲಿ ಅಪ್ಪಟ ಹತ್ತಿ ಸಿಕ್ಕಿತು. ಆದರೆ ಅದು ಪರದೆಯ ಬಟ್ಟೆ. ಬೆಳಕಿಗೆ ಹಿಡಿದರೆ ಆಚೆ ಕಡೆ ಕೂತವರ ಮೂಗು ಕಾಣುತ್ತದೆ. ಇಲ್ಲಿಂದ ಮುಂದೆ ನಾನು ಕಲಿತದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಸಾವಯವ ಅನ್ನುವುದು ಹೊಲದ ಗುಣ, ಬಾಳಿಕೆ ಅನ್ನುವುದು ನೇಯ್ಗೆಯ ಗುಣ. ಇದೊಂದು ತಿಳಿದರೆ ಅರ್ಧ ಗೊಂದಲ ಕಳೆಯಿತು. ಎಣ್ಣೆ ಹೊಡೆಯದೆ ಬೆಳೆದ ಮಾತ್ರಕ್ಕೆ ಎಳೆ ಗಟ್ಟಿಯಾಗುವುದಿಲ್ಲ, ಹೊಡೆದ ಮಾತ್ರಕ್ಕೆ ಸೋಲುವುದೂ ಇಲ್ಲ. ಬಟ್ಟೆ ಬಾಳಬೇಕಾದರೆ ನೋಡಬೇಕಾದದ್ದು ತೂಕ, ನೂಲು, ನೇಯ್ಗೆ. ತೂಕವನ್ನು ಜಿ.ಎಸ್.ಎಂ. ಅಂತ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ಅಂಗಿ ಬಟ್ಟೆ ನೂರು ನೂರೈವತ್ತರ ಆಸುಪಾಸು. ದಿನಾ ಕೂರುವ ಸೋಫಾಗೆ 300 ಅಥವಾ ಅದಕ್ಕೂ ಮೇಲಿದ್ದರೆ ಒಳ್ಳೆಯದು. ನೂಲು ಒಂಟಿ ಎಳೆಯದ್ದಕ್ಕಿಂತ ಎರಡೆಳೆ ಹುರಿ ಮಾಡಿದ್ದು ಗಟ್ಟಿ. ಕ್ಯಾನ್ವಾಸ್ ಅಥವಾ ಡ್ರಿಲ್ ಥರದ ಒತ್ತು ನೇಯ್ಗೆ ಬಾಳುತ್ತದೆ. ಸ್ಯಾಟಿನ್ ಹಾಗೆ ಮೇಲೆ ಎಳೆ ತೇಲುವ ನೇಯ್ಗೆ ಬೆಕ್ಕು, ಬಳೆ, ಮಕ್ಕಳ ಬೆಲ್ಟಿನ ಬಕ್ಕಲ್ಲು ಇರುವ ಮನೆಗಲ್ಲ.

ಇನ್ನು ಉಜ್ಜುವ ಪರೀಕ್ಷೆ. ಕಾರ್ಖಾನೆಗಳಲ್ಲಿ ಇದಕ್ಕೆ ಯಂತ್ರವೇ ಇದೆ. ಮಾರ್ಟಿನ್‌ಡೇಲ್ ಪರೀಕ್ಷೆಯಲ್ಲಿ ಬಟ್ಟೆಯ ತುಂಡನ್ನು ಉಣ್ಣೆ ಬಟ್ಟೆಯ ಮೇಲೆ ಸುತ್ತು ಸುತ್ತಾಗಿ ಉಜ್ಜುತ್ತಾರೆ, ಎಳೆ ಹರಿಯುವವರೆಗೆ ಎಣಿಸುತ್ತಾರೆ. ಮನೆ ಬಳಕೆಗೆ ಇಪ್ಪತ್ತು ಸಾವಿರದ ಸುತ್ತಮುತ್ತ ಇದ್ದರೆ ಸಾಕು. ವೈಜನ್‌ಬೀಕ್ ಅಂತ ಇನ್ನೊಂದಿದೆ, ಅದು ಹಿಂದಕ್ಕೂ ಮುಂದಕ್ಕೂ ಉಜ್ಜುವುದು, ಅಮೆರಿಕದವರು ಬಳಸುವುದು. ಅದರಲ್ಲಿ ಹದಿನೈದು ಸಾವಿರ ದಾಟಿದರೆ ಗಟ್ಟಿ ಅಂತ ಲೆಕ್ಕ. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹೋಲಿಸುವ ಹಾಗಿಲ್ಲ. "ಲಕ್ಷ ರಬ್ ಮೇಡಂ" ಅಂದರೆ ಯಾವ ಪರೀಕ್ಷೆಯ ಲಕ್ಷ ಅಂತ ಕೇಳಿ. ನಾನು ಕೇಳಿದೆ. ಅಂಗಡಿಯವರು ಟೀ ತರಿಸಿದರು, ಉತ್ತರ ಕೊಡಲಿಲ್ಲ :-)

ಇಲ್ಲಿ ಪಾಲಿಯೆಸ್ಟರ್‌ಗೆ ಸಲ್ಲಬೇಕಾದ್ದು ಸಲ್ಲಬೇಕು. ಉಜ್ಜುವ ಪರೀಕ್ಷೆಯಲ್ಲಿ ಅದು ಹತ್ತಿಯನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಕಲೆ ಬೇಗ ಹೀರಿಕೊಳ್ಳುವುದಿಲ್ಲ, ಬೂಸ್ಟು ಹಿಡಿಯುವುದಿಲ್ಲ, ಅಗ್ಗ. ಆದರೆ ಬೆವರನ್ನೂ ಹೀರುವುದಿಲ್ಲ. ತೊಳೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆ, ಅವು ಕೊಳೆಯುವುದಿಲ್ಲ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ರಾಷ್ಟ್ರಧ್ವಜವನ್ನೂ ಪಾಲಿಯೆಸ್ಟರ್‌ನಲ್ಲಿ, ಯಂತ್ರದಲ್ಲಿ ಮಾಡಬಹುದು ಅಂತಾಯಿತು. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಎಳೆ ಎಣಿಸಿ, ತೂಕ ನೋಡಿ ಖಾದಿ ಬಾವುಟ ಹೊಲಿಯುವ ಹೆಣ್ಣುಮಕ್ಕಳನ್ನು ಕಂಡಿದ್ದ ಅಪ್ಪ ಆ ಸುದ್ದಿ ಓದಿ ಪೇಪರ್ ಮಡಚಿಟ್ಟಿದ್ದರು. ಹೀಗಿರುವಾಗ ಸೋಫಾ ಯಾವ ಲೆಕ್ಕ ಅನ್ನಬಹುದು. ನಮ್ಮ ಮನೆಯ ಮಟ್ಟಿಗಂತೂ ಅಪ್ಪನ ಕೈಯ ಚರ್ಮವೇ ಲೆಕ್ಕ.

ಚೀಟಿಗಳ ವಿಷಯ. ಸಾವಯವ ಬಟ್ಟೆಗೆ ಜಗತ್ತಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಗಾಟ್ಸ್ ಅನ್ನುವ ಗುರುತು. ಇದರಲ್ಲಿ ಎರಡು ದರ್ಜೆ ಇದೆ. ಬರೀ ಸಾವಯವ ಅಂತ ಬರೆದಿದ್ದರೆ ನೂರಕ್ಕೆ 95 ಪಾಲು ಸಾವಯವ ಎಳೆ ಇರಬೇಕು. ಸಾವಯವ ಎಳೆ ಬಳಸಿ ಮಾಡಿದ್ದು ಅಂತಿದ್ದರೆ 70 ಪಾಲು ಸಾಕು. ಇದು ಸಾವಯವ ಅಂತ ಸರ್ಟಿಫಿಕೇಟು ಇರುವ ಎಳೆಯಿಂದ ಶುರುವಾಗಿ ನೂಲು, ನೇಯ್ಗೆ, ಬಣ್ಣದವರೆಗೆ ನೋಡುತ್ತದೆ. ಓಕೋಟೆಕ್ಸ್ ಸ್ಟ್ಯಾಂಡರ್ಡ್ 100 ಅಂತ ಇನ್ನೊಂದು ಚೀಟಿ ಇದೆ. ಅದು ತಯಾರಾದ ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಉಳಿದಿದೆಯಾ ಅಂತ ಪರೀಕ್ಷಿಸುತ್ತದೆ, ಹತ್ತಿ ಹೇಗೆ ಬೆಳೆಯಿತು ಅಂತ ಹೇಳುವುದಿಲ್ಲ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗದ್ದು ಅಂತಷ್ಟೇ ಹೇಳುತ್ತದೆ. ಅಂಗಡಿಯವರು ಇವೆಲ್ಲವನ್ನೂ ಒಂದೇ ಉಸಿರಿಗೆ "ಆರ್ಗ್ಯಾನಿಕ್ ಮೇಡಂ" ಅಂದುಬಿಡುತ್ತಾರೆ.

ಇದೆಲ್ಲ ಅಪ್ಪನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ರಾತ್ರಿ ಎಣ್ಣಿ ಹೊಡದ್ರ ಯಾರ ನೋಡ್ತಾರ ಯವ್ವಾ?"

ರೈತನ ಪ್ರಶ್ನೆ! ಸುಳ್ಳೂ ಅಲ್ಲ. 2020ರಲ್ಲಿ ಗಾಟ್ಸ್ ಸಂಸ್ಥೆಯೇ ಭಾರತದಲ್ಲಿ ಸುಳ್ಳು ಕಾಗದಪತ್ರದ ಮೇಲೆ ಸುಮಾರು ಇಪ್ಪತ್ತು ಸಾವಿರ ಟನ್ ಹತ್ತಿಯನ್ನು ಸಾವಯವ ಅಂತ ತೋರಿಸಿದ್ದನ್ನು ಪತ್ತೆ ಹಚ್ಚಿತ್ತು. ಹಾಗಂತ ಚೀಟಿಯೇ ಬೇಡ ಅಂದರೆ ನಮಗೆ ಉಳಿಯುವುದು ಅಂಗಡಿಯವರ ಬಾಯಿಮಾತು ಮಾತ್ರ. ನಾನು ಮಾಡಿದ್ದಿಷ್ಟು. ಚೀಟಿಯ ಮೇಲೆ ಸರ್ಟಿಫಿಕೇಟು ಕೊಟ್ಟವರ ಹೆಸರು, ಲೈಸೆನ್ಸ್ ನಂಬರು ಇರಬೇಕು. ಅದನ್ನು ಗಾಟ್ಸ್‌ನವರ ಪಟ್ಟಿಯಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ನಾನು ನೋಡಿದ ಐದು ಕಡೆಗಳಲ್ಲಿ ಮೂರಕ್ಕೆ ನಂಬರೇ ಇರಲಿಲ್ಲ, ಬರೀ ಹಸಿರು ಎಲೆಯ ಚಿತ್ರ. ನಂಬರಿದ್ದ ಎರಡರಲ್ಲಿ ಒಂದು ಅಂಗಿ ಬಟ್ಟೆ. ಉಳಿದದ್ದು ಒಂದೇ ಒಂದು, 320 ಜಿ.ಎಸ್.ಎಂ.ನ ಕ್ಯಾನ್ವಾಸು, ಬ್ಲೀಚ್ ಮಾಡದ್ದು, ಬಣ್ಣ ಹಾಕದ್ದು. ಹತ್ತಿಯದ್ದೇ ಕೆನೆ ಬಣ್ಣ, ಅಲ್ಲಲ್ಲಿ ಹತ್ತಿಬೀಜದ ಸಿಪ್ಪೆಯ ಸಣ್ಣ ಕಂದು ಚುಕ್ಕೆ. ಅಪ್ಪ ಆ ಚುಕ್ಕೆಗಳ ಮೇಲೆ ಉಗುರು ಆಡಿಸಿ, "ಇದು ಖರೇ ಹತ್ತಿ" ಅಂದರು. ಗಾಟ್ಸ್‌ಗಿಂತ ದೊಡ್ಡ ಸರ್ಟಿಫಿಕೇಟು ಸಿಕ್ಕಿತು!

ಬೆಲೆ ಮೀಟರಿಗೆ 560 ರೂಪಾಯಿ ಬಿತ್ತು. ಮೊದಲ ಅಂಗಡಿಯ ಪಾಲಿಯೆಸ್ಟರ್ 320 ಇತ್ತು.

ಬಣ್ಣ ಹಾಕಿದ್ದು ಬೇಕು ಅನ್ನುವವರಿಗೆ ಎರಡು ಮಾತು. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಚರಕದ ಬಟ್ಟೆಗಳು ನಿಮಗೆಲ್ಲ ಗೊತ್ತೇ ಇವೆ. ಅಡಿಕೆ ಚೊಗರಿನ ಆ ಕೆಂಗಂದು ನನಗೆ ಬಹಳ ಇಷ್ಟ. ಆದರೆ ಸಹಜ ಬಣ್ಣಗಳೆಲ್ಲ ಒಂದೇ ಥರ ಬಾಳುವುದಿಲ್ಲ. ಅರಿಶಿನದ ಹಳದಿ ಬಿಸಿಲಿಗೆ ಬೇಗ ಸೋಲುತ್ತದೆ. ನೀಲಿ ಬಿಸಿಲನ್ನು ತಡೆಯುತ್ತದೆ, ಆದರೆ ಉಜ್ಜಿದರೆ ಸ್ವಲ್ಪ ಬಿಡುತ್ತದೆ, ಬಿಳಿ ಪಂಚೆಯವರು ಕೂರುವ ಜಾಗಕ್ಕೆ ಯೋಚಿಸಿ. ಒದ್ದೆ ಬಿಳಿ ಬಟ್ಟೆಯಿಂದ ಇಪ್ಪತ್ತು ಸಲ ಉಜ್ಜಿ ನೋಡಿದರೆ ಅಂಗಡಿಯಲ್ಲೇ ತಿಳಿಯುತ್ತದೆ. ಕಲೆ ಹಿಡಿಯದ, ನೀರು ಜಾರುವ ಲೇಪನ ಬೇಕೇ ಅಂತ ಕೇಳುತ್ತಾರೆ. ಬೇಡ ಅನ್ನಿ. ಆ ಲೇಪನಗಳಲ್ಲಿ ಬಹಳ ಕಾಲ ಬಳಸಿದ್ದು ನೆಲದಲ್ಲೂ ನೀರಿನಲ್ಲೂ ಕರಗಿಹೋಗದ ಫ್ಲೋರೀನ್ ರಾಸಾಯನಿಕಗಳನ್ನು. ಸಾವಯವ ಬಟ್ಟೆ ಕೊಂಡು ಅದರ ಮೇಲೆ ಇದನ್ನು ಬಳಿಸಿದರೆ ತುಳಸಿಕಟ್ಟೆಗೆ ಪ್ಲಾಸ್ಟಿಕ್ ತುಳಸಿ ನೆಟ್ಟ ಹಾಗೆ.

ಕೊನೆಗೆ ಸೋಫಾ ರಿಪೇರಿಯವರು. ನಮ್ಮ ಬೀದಿ ತುದಿಯಲ್ಲಿ ಮೂವತ್ತು ವರ್ಷದಿಂದ ಕುಶನ್ ಕೆಲಸ ಮಾಡುವ ಭಾಯ್ ಇದ್ದಾರೆ. ಬಟ್ಟೆ ನೋಡಿ ಬೆರಳಲ್ಲಿ ಎಳೆದು, "ಬಟ್ಟೆ ಒಳ್ಳೇದೈತಮ್ಮ, ಆದ್ರೆ ತೊಳದ್ರೆ ಸಣ್ಣ ಆಗ್ತದೆ. ಮೊದ್ಲು ನೆನಸಿ ಕೊಡಿ" ಅಂದರು. ಮೊದಲೇ ಕುಗ್ಗಿಸದ ಹತ್ತಿ ಮೊದಲ ತೊಳೆತಕ್ಕೆ ಮೀಟರಿಗೆ ಐದು ಸೆಂಟಿಮೀಟರ್ ಎಳೆದುಕೊಳ್ಳುವುದು ದೊಡ್ಡ ಮಾತಲ್ಲ. ಹದಿನಾಲ್ಕು ಮೀಟರ್ ಬಟ್ಟೆಯನ್ನು ಬಚ್ಚಲಲ್ಲಿ ರಾತ್ರಿಯಿಡೀ ನೆನೆಸಿ, ತಾರಸಿಯ ಮೇಲೆ ಹರವಿದೆವು. ಒಣಗಿದ ಮೇಲೆ ಅಳೆದರೆ ಅರ್ಧ ಮೀಟರಿಗೂ ಹೆಚ್ಚು ಕಡಿಮೆ! ಹಾಗೇ ಹೊಲಿಸಿದ್ದರೆ ಮೊದಲ ತೊಳೆತಕ್ಕೇ ಗವಸು ದಿಂಬಿಗೆ ಹಿಡಿಯುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಭಾಯ್ ಹೇಳಿಕೊಟ್ಟರು. ಪಿನ್ನು ಹೊಡೆದು ಮರಕ್ಕೆ ಕೂರಿಸುವುದರ ಬದಲು ಕೂರುವ, ಒರಗುವ ದಿಂಬುಗಳಿಗೆಲ್ಲ ಜಿಪ್ ಇಟ್ಟ ಗವಸು. ಕೈ ಇಡುವ ಜಾಗಕ್ಕೆ ಬೇರೆ ತೊಡಿಸುವ ಗವಸು, ಅದೂ ಎರಡೆರಡು ಜೊತೆ. ಯಾಕೆಂದರೆ ಯಾವ ಸೋಫಾದಲ್ಲೂ ಮೊದಲು ಸವೆಯುವುದು ಕೈಯ ಜಾಗ ಮತ್ತು ಮುಂದಿನ ಅಂಚು. ಒಂದು ಮೀಟರ್ ಬಟ್ಟೆ ಕತ್ತರಿಸದೆ ಎತ್ತಿಟ್ಟುಕೊಳ್ಳಿ, ಮುಂದೆ ತೇಪೆಗೆ ಬೇಕು ಅಂದರು. ನಮ್ಮ ಕಡೆ ಹಳೇ ಸೀರೆ ಧೋತರದ ಮೇಲೆ ತೇಪೆ ಹೊಂದಿಸಿ ಕೌದಿ ಹೊಲಿಯುತ್ತಾರಲ್ಲ, ಬಾಳಿಕೆಯ ಪಾಠ ಅದರಲ್ಲೇ ಇದೆ. ಸವೆದ ಜಾಗವನ್ನಷ್ಟೇ ಬದಲಾಯಿಸುವ ಹಾಗಿದ್ದರೆ ಅದು ಬಾಳುತ್ತದೆ, ಪೂರ್ತಿ ಎಸೆಯಬೇಕಾದ್ದು ಎಷ್ಟು ಗಟ್ಟಿಯಿದ್ದರೂ ಬಾಳುವುದಿಲ್ಲ.

ಈಗ ಎರಡು ವರ್ಷ ಆಗಿದೆ. ಲೆಕ್ಕ ಒಪ್ಪಿಸುತ್ತೇನೆ. ಒಂಬತ್ತು ಸಲ ತೊಳೆದಿದ್ದೇವೆ. ತಣ್ಣೀರು, ಸಾದಾ ಸೋಪಿನ ಪುಡಿ, ನೆರಳಿನಲ್ಲಿ ಒಣಗಿಸುವುದು. ತೊಳೆತಕ್ಕೆ ಹತ್ತಿ ಹೆದರುವುದಿಲ್ಲ, ಒದ್ದೆಯಾದಾಗ ಅದರ ಎಳೆ ಇನ್ನೂ ಗಟ್ಟಿ. ಹೆದರುವುದು ಬಿಸಿಲಿಗೆ ಮತ್ತು ತೇವಕ್ಕೆ. ಕಿಟಕಿ ಪಕ್ಕದ ದಿಂಬು ಬಣ್ಣ ತಿರುಗಿದೆ, ಈಗ ತಿಂಗಳಿಗೊಮ್ಮೆ ದಿಂಬುಗಳ ಜಾಗ ಬದಲಾಯಿಸುತ್ತೇವೆ. ಕಾಫಿ ಕಲೆ ಎರಡು ಹಾಗೇ ಉಳಿದಿವೆ. ಬಲಗೈ ಗವಸಿನ ಅಂಚು ಜುಂಜು ಎದ್ದಿದೆ, ಎರಡನೇ ಜೊತೆ ಹಾಕಿದ್ದೇವೆ. ಕೂರುವ ಜಾಗದಲ್ಲಿ ಒಂದು ಎಳೆಯೂ ಹರಿದಿಲ್ಲ. ಮಲೆನಾಡು, ಕರಾವಳಿಯವರು ಮಾತ್ರ ಮಳೆಗಾಲದಲ್ಲಿ ಬೂಸ್ಟಿನ ಬಗ್ಗೆ ಎಚ್ಚರ ಇಟ್ಟುಕೊಳ್ಳಬೇಕು. ನೆಲ, ಗೋಡೆಗೆ ತಾಗದ ಹಾಗೆ ಸೋಫಾ ಇಟ್ಟು, ಬಿಸಿಲು ಬಿದ್ದ ದಿನ ದಿಂಬು ಹೊರಗೆ ಹಾಕಬೇಕು.

ಅಪ್ಪನ ಕೈಯ ದದ್ದು ಪೂರ್ತಿ ಹೋಗಿಲ್ಲ. ಚರ್ಮದ ಡಾಕ್ಟರು ಕೊಟ್ಟ ಮುಲಾಮು ನಡೆದೇ ಇದೆ, ಬಟ್ಟೆಯಿಂದ ರೋಗ ವಾಸಿಯಾಯಿತು ಅಂತ ನಾನು ಹೇಳುವುದಿಲ್ಲ. ಸೆಖೆಗಾಲದ ರಾತ್ರಿಗಳಲ್ಲಿ ಕೆರೆತ ಕಡಿಮೆ ಅಂತ ಅವರು ಹೇಳುತ್ತಾರೆ. ನೆಲಕ್ಕೆ ಇಳಿಯುವುದು ಬಿಟ್ಟಿದ್ದಾರೆ. ಮಂಡಿಗೆ ಅಷ್ಟು ಸಾಕು.

ಈಗ ಅವರಿಗೆ ಬೇರೆ ಯೋಚನೆ ಹತ್ತಿದೆ. ಇಷ್ಟು ದಪ್ಪ ಕ್ಯಾನ್ವಾಸಿಗೆ ಉದ್ದ ಎಳೆಯೇ ಯಾಕೆ, ಗಿಡ್ಡ ಎಳೆಯ ದೇಸಿ ಹತ್ತಿಯೂ ಆಗುತ್ತದಲ್ಲ, ಜಯಧರ ಇದಕ್ಕೆ ಹೇಳಿ ಮಾಡಿಸಿದ್ದು ಅನ್ನುತ್ತಾರೆ. ದೇಸಿ ಹತ್ತಿ ಒರಟು ಬಟ್ಟೆಗೆ ಒಗ್ಗುತ್ತದೆ ಅನ್ನುವುದು ನಿಜವೇ. ರಸ ಹೀರುವ ಹುಳಗಳನ್ನೂ ಅದು ಚೆನ್ನಾಗಿ ತಡೆದುಕೊಳ್ಳುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಹುಟ್ಟಿನಿಂದಲೇ ಕಂದು ಬಣ್ಣದ ಹತ್ತಿ ತಳಿಗಳನ್ನೂ ಬೆಳೆಸಿದ್ದಾರೆ, ಬಣ್ಣ ಹಾಕುವ ಕೆಲಸವೇ ಇಲ್ಲ! ನಮ್ಮ ಹೊಲ ಲಾವಣಿ ಮಾಡುತ್ತಿರುವ ಹುಡುಗನ ಹತ್ತಿರ ಅಪ್ಪ ಫೋನಿನಲ್ಲಿ ಅರ್ಧ ಎಕರೆ ಮಾತಾಡಿದ್ದಾರೆ. ಅವನದ್ದೂ ನ್ಯಾಯದ ಪ್ರಶ್ನೆ. "ಬೆಳೀತೀನಿ ಅಜ್ಜಾ, ತಗೊಳ್ಳೋರ ಯಾರ?"

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಊರ ಕಡೆ ಯಾರಾದರೂ ಇನ್ನೂ ಜಯಧರ ಬಿತ್ತುತ್ತಿದ್ದಾರಾ? ಅಷ್ಟು ಸಣ್ಣ ಪ್ರಮಾಣದ ಹತ್ತಿಯನ್ನು ಜಿನ್ ಮಾಡಿ, ನೂತು, ದಪ್ಪ ಬಟ್ಟೆ ನೇಯ್ದು ಕೊಡುವ ಮಗ್ಗದವರು ಗೊತ್ತಾ? ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬಿತ್ತನೆಗೆ ಇನ್ನೂ ಸಮಯ ಇದೆ.